ಮಾವನ ಜೊತೆ ಜಾನ್ಸನ್ ಊರಿಗೆ

ಆಸ್ಟಿನ್‌ನಲ್ಲಿ ಮಾವನ ಮನೆಯಲ್ಲಿ ಹತ್ತು ದಿನ ಇದ್ದೆ. ಬರೆಯಬೇಕು ಅನ್ನಿಸಿದ್ದು ಎರಡು ದಿನಗಳ ಬಗ್ಗೆ ಮಾತ್ರ.

ಮೊದಲನೆಯದು ವಿಯೆಟ್ನಾಂ ಯುದ್ಧದ ಕಾಲದ ಅಮೆರಿಕ ಅಧ್ಯಕ್ಷ ಲಿಂಡನ್ ಜಾನ್ಸನ್ ಗ್ರಂಥಾಲಯಕ್ಕೆ ಹೋದ ದಿನ. ಗಾಜಿನ ಹಿಂದೆ ನಾಲ್ಕು ಮಹಡಿ ಎತ್ತರಕ್ಕೆ ಕಾಗದಪತ್ರಗಳ ಕೆಂಪು ಪೆಟ್ಟಿಗೆಗಳು. ಎಲ್ಲರೂ ಫೋಟೋ ತೆಗೆಯುವುದು ಅದರದ್ದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಫೋನು. ರಿಸೀವರ್ ಕಿವಿಗಿಟ್ಟರೆ ಅಧ್ಯಕ್ಷರ ದನಿಯೇ ಕೇಳುತ್ತದೆ. 1964ರ ಮೇ 27ರಂದು ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿ ಜೊತೆ ಆಡಿದ ಮಾತು. ರಾತ್ರಿ ನಿದ್ದೆ ಬರಲಿಲ್ಲ, ವಿಯೆಟ್ನಾಂ ಇನ್ನೊಂದು ಕೊರಿಯಾ ಯುದ್ಧ ಆಗುವ ಹಾಗಿದೆ, ಕಾದಾಡುವಷ್ಟು ಬೆಲೆ ಅದಕ್ಕಿಲ್ಲ, ಬಿಟ್ಟು ಬರುವುದಕ್ಕೂ ಆಗುವುದಿಲ್ಲ ಅನ್ನುತ್ತಾರೆ.

ಎರಡು ಸಲ ಕೇಳಿದೆ. ಗೊತ್ತಿತ್ತಲ್ಲ ಇವರಿಗೆ! ಗೊತ್ತಿದ್ದೂ ಮರುವರ್ಷ ವಿಯೆಟ್ನಾಂನ ಮಾರ್ಚ್‌ನಲ್ಲಿ ದಾ ನಾಂಗ್‌ನಲ್ಲಿ ಮರೀನ್ ಪಡೆ ಇಳಿಸಿದರು. 1968ರ ಹೊತ್ತಿಗೆ ಅಲ್ಲಿದ್ದ ಅಮೆರಿಕನ್ ಸೈನಿಕರು ಐದು ಲಕ್ಷ ದಾಟಿದ್ದರು.

ಮಾರನೆಯ ದಿನ ಸ್ಟೋನ್‌ವಾಲ್ ಹತ್ತಿರದ ಅವರ ರ್‍ಯಾಂಚ್‌ಗೆ. ಮ್ಯಾಪ್ ನಂಬಿ ನೇರ ಗೇಟಿಗೆ ಹೋಗಿ, ಪರ್ಮಿಟ್ ಇಲ್ಲದೆ ವಾಪಸ್ ಬಂದೆವು. ಒಂದು ಗಂಟೆ ಬಿಸಿಲಲ್ಲಿ ಹಾಳಾಯಿತು, ಮಾವನಿಗೆ ಸುಸ್ತಾಗಿ ಹೋಯಿತು. ಹೋಗುವವರು ಮೊದಲು ಸ್ಟೇಟ್ ಪಾರ್ಕ್‌ನ ವಿಸಿಟರ್ ಸೆಂಟರ್‌ನಲ್ಲಿ ಪರ್ಮಿಟ್ ತೆಗೆದುಕೊಳ್ಳಿ. ದುಡ್ಡು ಕೊಡಬೇಕಿಲ್ಲ.

ಅಲ್ಲಿನ ಜಂಕ್ಷನ್ ಸ್ಕೂಲ್ ಅಂದರೆ ಒಂದೇ ಕೋಣೆ. ಜಾನ್ಸನ್ ನಾಲ್ಕು ವರ್ಷದವರಿದ್ದಾಗ ಇಲ್ಲಿ ಅಕ್ಷರ ಕಲಿತವರು. ಬಡಮಕ್ಕಳ ಶಾಲೆಗಳಿಗೆ ಕೇಂದ್ರದ ಹಣ ಕೊಡುವ ಕಾಯ್ದೆಗೆ 1965ರ ಏಪ್ರಿಲ್ 11ರಂದು ಸಹಿ ಹಾಕಿದ್ದು ಇದೇ ಶಾಲೆಯ ಅಂಗಳದಲ್ಲಿ, ಅಕ್ಷರ ಕಲಿಸಿದ ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು. ಜಾನ್ಸನ್ ತಾವೂ ಟೆಕ್ಸಾಸ್‌ನದೇ ಊರು ಕೋಟುಲಾದಲ್ಲಿ ಮೆಕ್ಸಿಕನ್ ಕೂಲಿಗಳ ಮಕ್ಕಳಿಗೆ ಮೇಷ್ಟರಾಗಿದ್ದವರು.

ಮಾವ ಕಿಟಕಿಯ ಚೌಕಟ್ಟಿಗೆ ಕೈಯಿಟ್ಟು ನಿಂತುಬಿಟ್ಟರು.

"ಮೊದಲು ಇಲ್ಲಿ ಬಂದು ನೆಲೆಸೋಕೆ ಇಂಡಿಯಾದವರಿಗೆ ವರ್ಷಕ್ಕೆ ನೂರೇ ಜನರ ಕೋಟಾ ಇತ್ತು ಕಣೋ. ಅರವತ್ತೈದರಲ್ಲಿ ಈ ಮನುಷ್ಯ ಅದನ್ನ ತೆಗೆಸಿಹಾಕಿದ. ಓದೋಕೆ ಬಂದೋನು ನಾನು, ಇಲ್ಲೇ ಉಳಿದದ್ದು ಅದರಿಂದ. ಹೋದ ವರ್ಷ ಮೊಣಕಾಲು ಆಪರೇಷನ್ ಆಯ್ತಲ್ಲ, ಮೆಡಿಕೇರ್, ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ. ಅದೂ ಇವನದ್ದೇ."

"ಮತ್ತೆ ನಿಮ್ಮನೇಲಿ ಒಂದು ದಿನಾನೂ ಇವರ ಹೆಸರು ಕೇಳಿಲ್ಲವಲ್ಲ ಮಾವ?"

ಸುಮಾರು ಹೊತ್ತು ಸುಮ್ಮನಿದ್ದರು.

"ನಾನು ಬಂದ ವರ್ಷ ರೂಮ್‌ಮೇಟ್ ಅವನ ಮನೆಗೆ ಊಟಕ್ಕೆ ಕರೆದ. ಟೇಬಲ್ ಸುತ್ತ ಆರು ಕುರ್ಚಿ. ಒಂದರಲ್ಲಿ ಕೂರೋಕೆ ಹೋದೆ, ಅವನ ತಾಯಿ ತಡೆದರು. ವಿಯೆಟ್ನಾಂನಿಂದ ಹಿರೇಮಗ ವಾಪಸ್ ಬಂದಿರಲಿಲ್ಲ. ಅವನ ಕುರ್ಚಿ. ಆ ಮನೇಲಿ ಜಾನ್ಸನ್ ಹೆಸರು ಎತ್ತೋ ಹಾಗಿರಲಿಲ್ಲ. ನನಗೂ ಆಮೇಲೆ ಬಾಯಿ ಬರಲಿಲ್ಲ."

ಅಮೆರಿಕದವರೇ 58,000ಕ್ಕೂ ಹೆಚ್ಚು ಜನ ಸತ್ತರು. ವಿಯೆಟ್ನಾಮಿಯರು ಲಕ್ಷಗಟ್ಟಲೆ. ಆ ಸಂಖ್ಯೆಗಳನ್ನು ಎಷ್ಟೋ ಸಲ ಓದಿದ್ದೆ. ಈಗ ಅವುಗಳ ಜೊತೆ ಆ ಕುರ್ಚಿಯೂ ನೆನಪಾಗುತ್ತದೆ.

ಪೆಡರ್ನೇಲ್ಸ್ ಹೊಳೆಯ ದಂಡೆಯಲ್ಲಿ, ಓಕ್ ಮರಗಳ ನೆರಳಲ್ಲಿ ಅವರ ಸಮಾಧಿ. ಮಾವ ಕಾರಿನಿಂದ ಇಳಿಯಲಿಲ್ಲ. ನಾನೊಬ್ಬನೇ ಕಲ್ಲಿನ ಗೋಡೆಯ ತನಕ ಹೋಗಿ ನೋಡಿ ಬಂದೆ.

"ತೀರಿಕೊಂಡ ತಾರೀಖು ಯಾವುದು?" ಕೇಳಿದರು.

"1973, ಜನವರಿ 22."

"27ನೇ ತಾರೀಖು ಪ್ಯಾರಿಸ್‌ನಲ್ಲಿ ಸಹಿ ಆಯ್ತು, ಯುದ್ಧ ಮುಗೀತು ಅಂತ. ರೇಡಿಯೋದಲ್ಲಿ ಕೇಳಿದ್ದೆ," ಅಂದು ಸೀಟ್ ಬೆಲ್ಟ್ ಎಳೆದುಕೊಂಡರು.