ಎಡಗಡೆ ಮೂಲೆ ಮತ್ತೆ ಕುಸಿದಿದೆ

ನವೆಂಬರ್ 17, 2024, ಭಾನುವಾರ, ರಾತ್ರಿ

ಬೆಳಿಗ್ಗೆ ಎದ್ದು ನೋಡಿದರೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ನನ್ನ ದುಬಾರಿ ಕಾರು ಮತ್ತೆ ಎಡಕ್ಕೆ ವಾಲಿ ನಿಂತಿತ್ತು. ಇದು ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ನಿಲ್ಲುವ ಕಾರು. ಮುಂದಿನ ಎಡ ಚಕ್ರದ ಮೇಲೆ ಒಂದು ಬೆರಳು ತೂರಿಸೋಕೂ ಜಾಗ ಇಲ್ಲ. ಬಲಗಡೆ ನಾಲ್ಕು ಬೆರಳು ಆರಾಮಾಗಿ ಹೋಗುತ್ತದೆ. ಹೋದ ವಾರ ಬರೆದಿದ್ದೆನಲ್ಲ, ಎರಡು ಮೂರು ದಿನಕ್ಕೊಮ್ಮೆ ಹೀಗಾಗುತ್ತಿದೆ ಅಂತ. ಈಗ ದಿನಾ ಆಗುತ್ತಿದೆ. ಸ್ಟಾರ್ಟ್ ಮಾಡಿದ ಕೂಡಲೇ ಕೆಳಗೆಲ್ಲೋ ಆ ಚೀಲಗಳಿಗೆ ಗಾಳಿ ತುಂಬುವ ಕಂಪ್ರೆಸರ್ ಗುರ್ ಅನ್ನುತ್ತದೆ, ಸ್ವಲ್ಪ ಹೊತ್ತಿಗೆ ಮೂಗು ಮೇಲೆತ್ತುತ್ತದೆ. ಕೊಂಡ ಹೊಸದರಲ್ಲಿ ಅದನ್ನು ನೋಡೋದೇ ಒಂದು ಖುಷಿ. ಇವತ್ತು ಆ ಸದ್ದಿಗೆ ಹೊಟ್ಟೆಯಲ್ಲಿ ಏನೋ ತಿರುಚಿದ ಹಾಗಾಯಿತು.

ಸೀದಾ ಮೆಕ್ಯಾನಿಕ್ ದೊಡ್ಡಣ್ಣನ ಗ್ಯಾರೇಜಿಗೆ ಹೋದೆ. ರಜಾ ದಿನ ಅಂತ ಬೇಡ ಅನ್ನಲಿಲ್ಲ. ಸ್ಟೇರಿಂಗನ್ನು ಪೂರ್ತಿ ತಿರುಗಿಸಲು ಹೇಳಿ, ಚಕ್ರದ ಹಿಂದೆ ತಲೆ ಹಾಕಿ, ಸಸ್ಪೆನ್ಷನ್ ಮೇಲಿನ ರಬ್ಬರ್ ಮುಚ್ಚಳ ಸರಿಸಿದರು. ಬಾಟಲಿಯಲ್ಲಿ ಕಲಸಿಟ್ಟ ಸೋಪಿನ ನೀರನ್ನು ಚಿಮುಕಿಸಿ ಟಾರ್ಚ್ ಹಿಡಿದು, "ಬಾ ಇಲ್ಲಿ, ನೋಡು" ಅಂದರು. ಗಾಳಿ ಚೀಲದ ರಬ್ಬರ್ ಎಲ್ಲಿ ಮಡಚಿಕೊಳ್ಳುತ್ತದೋ ಆ ಸುತ್ತಿನಲ್ಲಿ ಕೂದಲೆಳೆಯಂಥ ಬಿರುಕುಗಳು, ಒಂದರ ಪಕ್ಕ ಒಂದು. ಒಂದು ಕಡೆಯಿಂದ ಸಣ್ಣ ಸಣ್ಣ ಗುಳ್ಳೆ ಎದ್ದು, ಒಡೆದು, ಮತ್ತೆ ಏಳುತ್ತಿದ್ದವು. ಸದ್ದೇ ಇಲ್ಲ. ನಾನು ಸುಮಾರು ಹೊತ್ತು ಅದನ್ನೇ ನೋಡುತ್ತಾ ಕೂತೆ.

"ಸರ್ವೀಸ್ ಫೈಲ್ ಇದೆಯಾ?" ಅಂತ ಕೇಳಿದರು.

ಡ್ಯಾಶ್‌ಬೋರ್ಡಿನಿಂದ ತೆಗೆದುಕೊಟ್ಟೆ. ಕೈ ಒರೆಸಿಕೊಂಡು ಒಂದೊಂದೇ ಹಾಳೆ ತಿರುವಿದರು. ಮೊದಲ ಆರು ವರ್ಷ ಎಲ್ಲ ಅಚ್ಚುಕಟ್ಟು. ಎಂಜಿನ್ ಆಯಿಲ್, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್, ಫಿಲ್ಟರ್, ಎಲ್ಲಕ್ಕೂ ಮೊಹರು ಬಿದ್ದಿದೆ. ಆಮೇಲೆ ಮೂರು ವರ್ಷ ಏನೂ ಇಲ್ಲ, ಒಂದು ಬ್ಯಾಟರಿ ಬಿಲ್ ಬಿಟ್ಟರೆ. ಆ ಖಾಲಿ ಪುಟದ ಮೇಲೆ ಬೆರಳಿಟ್ಟು ದೊಡ್ಡಣ್ಣ ಅಂದರು, "ಇಲ್ಲಿಂದ ಮುಂದೆ ಹಿಂದಿನ ಮಾಲೀಕರು ಈ ಕಾರಿನ ಮೇಲೆ ಮನಸ್ಸು ಬಿಟ್ಟಿದ್ದಾರೆ. ಮಾರೋ ಯೋಚನೆ ಬಂದ ಮೇಲೆ ಯಾರು ಖರ್ಚು ಮಾಡುತ್ತಾರೆ ಹೇಳು."

ಆ ಪುಟವನ್ನು ನಾನು ಕೊಳ್ಳುವ ದಿನವೇ ನೋಡಿದ್ದೆ. ಮೊಹರುಗಳನ್ನು ಎಣಿಸಿ ಸಮಾಧಾನ ಪಟ್ಟುಕೊಂಡಿದ್ದೆ. ಖಾಲಿ ಜಾಗ ಕಣ್ಣಿಗೆ ಬಿದ್ದರೂ ಅದಕ್ಕೆ ಒಂದು ಅರ್ಥ ಇದೆ ಅಂತ ಹೊಳೆಯಲಿಲ್ಲ.

ಬ್ಯಾಟರಿ ಬಿಲ್ ನೋಡಿ ದೊಡ್ಡಣ್ಣ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದರು. ಹೊಸ ಬ್ಯಾಟರಿ ಹಾಕಿದ್ದಾರೆ, ಕಾರಿನ ಕಂಪ್ಯೂಟರಿಗೆ ತಿಳಿಸಿಲ್ಲ. ಇಂಥ ಕಾರುಗಳಲ್ಲಿ ಬ್ಯಾಟರಿಗೆ ಎಷ್ಟು ವಯಸ್ಸಾಗಿದೆ ಅಂತ ಲೆಕ್ಕ ಇಟ್ಟುಕೊಂಡು ಅದಕ್ಕೆ ತಕ್ಕ ಹಾಗೆ ಚಾರ್ಜ್ ಮಾಡುತ್ತದೆ. ಹೇಳದೇ ಹೋದರೆ ಹೊಸದನ್ನೂ ಹಳೇದರ ಹಾಗೇ ಚಾರ್ಜ್ ಮಾಡಿ ಬೇಗ ಹಾಳು ಮಾಡುತ್ತದೆ. ಐದು ನಿಮಿಷದ ಕೆಲಸ ಅಷ್ಟೇ. ಅದನ್ನೂ ಯಾರೂ ಮಾಡಿರಲಿಲ್ಲ.

ಆಮೇಲೆ ಗೇರ್‌ಬಾಕ್ಸ್ ಮಾತು ಬಂತು. ಅದರ ಆಯಿಲ್ ಜೀವಮಾನ ಪೂರ್ತಿ ಬರುತ್ತದೆ, ಬದಲಿಸೋದೇ ಬೇಡ ಅಂತ ಮಾರಿದವರು ಖಂಡಿತವಾಗಿ ಹೇಳಿದ್ದರು. ಆದರೆ ಈ ಗೇರ್‌ಬಾಕ್ಸ್ ತಯಾರಿಸಿದ ಜೆಡ್‌ಎಫ್‌ನವರೇ 80,000ದಿಂದ 1,20,000 ಕಿಲೋಮೀಟರ್ ಒಳಗೆ, ಇಲ್ಲಾಂದ್ರೆ 8 ವರ್ಷಕ್ಕೆ ಬದಲಿಸಿ ಅನ್ನುತ್ತಾರೆ. ನನ್ನದು 1,12,000 ಓಡಿದೆ. ಒಮ್ಮೆಯೂ ಬದಲಿಸಿಲ್ಲ. ಕೆಳಗಿನ ಪ್ಲಾಸ್ಟಿಕ್ ತಟ್ಟೆಯಲ್ಲೇ ಫಿಲ್ಟರ್ ಸೇರಿಕೊಂಡಿರುವುದರಿಂದ ಆಯಿಲ್ ಜೊತೆ ಇಡೀ ತಟ್ಟೆಯನ್ನೇ ಬದಲಿಸಬೇಕು. ಇದನ್ನು ಮುಂದಿನ ತಿಂಗಳಿಗೆ ಅಂತ ಬರೆದುಕೊಂಡೆ.

ಕಾರು ಕೊಂಡಾಗ ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದೆ, ಹೊಸದರ ಬೆಲೆಯ ಕಾಲು ಭಾಗಕ್ಕೆ ಸಿಕ್ಕಿತು ಅಂತ. ಆದರೆ ಪಾರ್ಟ್ಸ್ ಕಾಲು ಬೆಲೆಗೆ ಸಿಗುವುದಿಲ್ಲ. ಅವಕ್ಕೆ ಇದು ಇನ್ನೂ ಆ ದೊಡ್ಡ ಬೆಲೆಯ ಕಾರೇ. ಒಂದು ಕಡೆಯ ಗಾಳಿ ಸಸ್ಪೆನ್ಷನ್ ಮತ್ತು ಕಂಪ್ರೆಸರ್ ಎರಡೂ ಸೇರಿದರೆ ನಾನು ಕಾರಿಗೆ ಕೊಟ್ಟ ದುಡ್ಡಿನ ಹತ್ತರಲ್ಲಿ ಒಂದು ಭಾಗ ದಾಟುತ್ತದೆ. ಕಂಪ್ರೆಸರ್ ಯಾಕೆ ಅಂತ ಕೇಳಿದ್ದಕ್ಕೆ ದೊಡ್ಡಣ್ಣ ಹೇಳಿದ್ದು ಇಷ್ಟು. ಅದು ಆಗಾಗ ಸ್ವಲ್ಪ ಹೊತ್ತು ಓಡಿ ನಿಲ್ಲೋಕೆ ಅಂತ ಮಾಡಿದ ಮೋಟರ್. ಎಲ್ಲೋ ಗಾಳಿ ಸೋರುತ್ತಿದ್ದರೆ ಅದು ತುಂಬಿಸುತ್ತಲೇ ಇರಬೇಕು, ಬಿಸಿಯಾಗುತ್ತಲೇ ಇರಬೇಕು, ಕೊನೆಗೊಂದು ದಿನ ಸುಟ್ಟುಹೋಗುತ್ತದೆ. ಮೊದಲು ಬಿರುಕು ಬಿಟ್ಟಾಗಲೇ ಆ ರಬ್ಬರಿನ ಕೆಲಸ ಮಾಡಿಸಿದ್ದರೆ ಒಂದೇ ಖರ್ಚು. ಬಿಟ್ಟಿದ್ದಕ್ಕೆ ಎರಡು.

ಬಾನೆಟ್ ತೆಗೆದಾಗ ಎಂಜಿನ್ ತಣ್ಣಗಿಡುವ ಕೂಲೆಂಟ್ ಪೈಪಿನ ಪ್ಲಾಸ್ಟಿಕ್ ಮೂತಿಯನ್ನು ಸುಮ್ನೆ ಹಿಡಿದು ಅಲ್ಲಾಡಿಸಿದರು. ಅಂಚಿನ ಒಂದು ಚೂರು ಒಣ ಎಲೆಯ ಹಾಗೆ ಮುರಿದು ಅವರ ಕೈಗೆ ಬಂತು. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಬೆಂದು ಹಾಗಾಗಿದೆ. ಹೈವೇಯಲ್ಲಿ ಅದು ಕಿತ್ತುಕೊಂಡು ನೀರೆಲ್ಲ ಹೋಗಿ, ನಾನು ಗಮನಿಸದೆ ಇನ್ನು ಸ್ವಲ್ಪ ದೂರ ಓಡಿಸಿದ್ದರೆ ಎಂಜಿನ್ನಿನ ಅಲ್ಯೂಮಿನಿಯಂ ಹೆಡ್ಡೇ ಸೊಟ್ಟಗಾಗುತ್ತಿತ್ತಂತೆ. ಹಿಂದಿನ ಸೀಟಿನಲ್ಲಿ ಅಪ್ಪ ಇರುತ್ತಿದ್ದರು. ಅದನ್ನು ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ. ಆ ಮೂತಿಯನ್ನು ಇವತ್ತೇ ಬದಲಿಸಿದರು, ಅದು ದೊಡ್ಡ ಖರ್ಚಲ್ಲ.

ಅಪ್ಪನ ವಿಷಯ ನಿಮಗೆಲ್ಲ ಗೊತ್ತೇ ಇದೆ. ಬೆನ್ನಿನ ಆಪರೇಷನ್ ಆದ ಮೇಲೆ ಹಳೇ ಕಾರಿನಲ್ಲಿ ಅರ್ಧ ಗಂಟೆ ಕೂರೋಕೆ ಆಗುತ್ತಿರಲಿಲ್ಲ. ರಸ್ತೆಯ ಪ್ರತಿ ಉಬ್ಬಿಗೂ ಕಣ್ಣು ಮುಚ್ಚಿ ಹಲ್ಲು ಕಚ್ಚುತ್ತಿದ್ದರು, ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಈ ಕಾರಿನಲ್ಲಿ ಮೊದಲ ಸಲ ದೂರ ಹೋದಾಗ ಎರಡು ಗಂಟೆ ನಿದ್ದೆ ಮಾಡಿದರು. ಕನ್ನಡಿಯಲ್ಲಿ ನೋಡಿದೆ, ಬಾಯಿ ಸ್ವಲ್ಪ ತೆರೆದುಕೊಂಡಿತ್ತು, ಕೈ ಸೀಟಿನ ಮೇಲೆ ಸಡಿಲವಾಗಿ ಬಿದ್ದಿತ್ತು. ಆವತ್ತು ನಾನು ಎಲ್ಲೂ ನಿಲ್ಲಿಸದೆ ಓಡಿಸಿದೆ, ಎಚ್ಚರ ಆಗುತ್ತದೆ ಅಂತ.

ಅದಕ್ಕೇ ದೊಡ್ಡಣ್ಣ ಹೇಳಿದ ಇನ್ನೊಂದು ದಾರಿ ಮನಸ್ಸಿಗೆ ಬರುತ್ತಿಲ್ಲ. ಗಾಳಿ ಚೀಲವನ್ನೇ ತೆಗೆದು ಮಾಮೂಲಿ ಕಬ್ಬಿಣದ ಸ್ಪ್ರಿಂಗ್ ಹಾಕಬಹುದು. ಖರ್ಚು ತುಂಬಾ ಕಡಿಮೆ, ಮತ್ತೆ ಸೋರೋ ಮಾತೇ ಇಲ್ಲ. ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪವನ್ನು ಕೋಡಿಂಗ್ ಮಾಡಿ ಆರಿಸಬೇಕು ಅಷ್ಟೇ. ಎಷ್ಟೋ ಜನ ಹಾಗೇ ಮಾಡಿಸಿಕೊಳ್ಳುತ್ತಾರಂತೆ. "ಆದರೆ ಆ ತೇಲೋ ಹಾಗಿನ ಓಟ ಹೋಗುತ್ತದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ" ಅಂದರು. ಹಾಗಾದರೆ ಈ ಕಾರು ಯಾಕೆ ಬೇಕು, ಅಲ್ವಾ? ಹಳೇದರ ಸೀಟೇ ಸಾಕಿತ್ತು.

ಹಳೇ ಸಸ್ಪೆನ್ಷನ್‌ಗೆ ರಬ್ಬರ್ ಮಾತ್ರ ಹೊಸದು ಹಾಕಿ ಕೊಡುವವರೂ ಇದ್ದಾರೆ. ಅದು ಹೊಸದಕ್ಕಿಂತ ಅಗ್ಗ. ಒಂದು ಕಡೆ ಹೋದರೆ ಇನ್ನೊಂದು ಕಡೆಗೂ ಅಷ್ಟೇ ವಯಸ್ಸಾಗಿರುತ್ತದೆ, ಎರಡನ್ನೂ ಒಟ್ಟಿಗೆ ಮಾಡಿಸು ಅನ್ನುತ್ತಾರೆ ದೊಡ್ಡಣ್ಣ. ಲೆಕ್ಕ ಹಾಕಿ ಹಾಕಿ ಸಾಕಾಗಿದೆ. ನನ್ನವಳು ಊಟದ ಹೊತ್ತಿಗೆ ಒಂದೇ ಮಾತು ಕೇಳಿದಳು, "ಇದು ಮುಗಿದ ಮೇಲೆ ಇನ್ನೇನೂ ಇಲ್ಲ ತಾನೇ?" ಉತ್ತರ ಕೊಡೋಕೆ ಆಗಲಿಲ್ಲ. ಕಾರಿನ ಕೆಳಗೆ ತೋರಿಸಿದ ಆರ್ಮ್‌ಗಳ ರಬ್ಬರ್ ಬುಷ್ ಸೀಳಿದ್ದು, ಎಂಜಿನ್ ಮೇಲಿನ ವಾಲ್ವ್ ಕವರ್ ಹತ್ತಿರ ಆಯಿಲ್ ಜಿನುಗುತ್ತಿರುವುದು, ಯಾವುದನ್ನೂ ಅವಳಿಗೆ ಹೇಳಿಲ್ಲ. ನಾಳೆ ಹೇಳಬೇಕು. ಮುಚ್ಚಿಡೋದು ಸರಿ ಅಲ್ಲ.

ಹತ್ತು ಗಂಟೆಗೆ ಹೋಗಿ ಅಳೆದಾಗ ನಾಲ್ಕು ಬೆರಳು ಇತ್ತು. ಈಗ ಹೋಗಿ ನೋಡಿ ಬಂದೆ. ಮೂರು. ಬೆಳಿಗ್ಗೆ ಎಂಟಕ್ಕೆ ಅಪ್ಪನನ್ನು ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋಗಬೇಕು, ಆರಕ್ಕೇ ಎದ್ದು ಸ್ಟಾರ್ಟ್ ಮಾಡಿ ಮೇಲೆತ್ತಿಸಿ ಇಟ್ಟರೆ ಹೋಗಿ ಬರೋ ತನಕ ತಡೆಯುತ್ತದೆ ಅಂದುಕೊಂಡಿದ್ದೇನೆ, ಆದರೆ ಕಂಪ್ರೆಸರ್ ಅಲ್ಲಿ ತನಕ ಬಾಳುತ್ತದೋ ಇಲ್ಲವೋ.