ಎರಡು ಚುಕ್ಕೆಗಳ ನಡುವೆ ಸುಟ್ಟ ಮಾಸ್‌ಫೆಟ್

ಶಿರಸಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ. ಇನ್ವರ್ಟರ್, ಆಂಪ್ಲಿಫೈಯರ್, ತೋಟದ ಸೋಲಾರ್ ಬೇಲಿಯ ಮಶೀನು, ಹೀಗೆ ಒಳಗೆ ಬೋರ್ಡ್ ಇರುವುದೆಲ್ಲ ಬರುತ್ತದೆ. ಹೋದ ವಾರ ಡಿಪ್ಲೊಮಾ ಓದುವ ಹುಡುಗನೊಬ್ಬ ಬಂದಿದ್ದ. "ಅಣ್ಣಾ, ಕಿಸೆಯಲ್ಲಿ ಹಿಡಿಯುವ ಆಸಿಲೋಸ್ಕೋಪ್ ತಗೊಂಡ್ರೆ ಸಾಕಾ? ದೊಡ್ಡದಕ್ಕೆ ದುಡ್ಡಿಲ್ಲ" ಅಂದ. ಆಸಿಲೋಸ್ಕೋಪ್ ಅಂದರೆ ವೋಲ್ಟೇಜಿನ ಏರಿಳಿತವನ್ನು ಪರದೆ ಮೇಲೆ ಅಲೆಯಾಗಿ ತೋರಿಸುವ ಉಪಕರಣ.

ಸಾಕು ಅಂತಲೇ ಹೇಳಿದೆ. ಆದರೆ ಎರಡು ಕತೆ ಹೇಳಿದ ಮೇಲೆ.

ನನ್ನ ಹತ್ತಿರ ಇರುವುದು ಡಿಎಸ್‌ಒ138 ಕಿಟ್. ನಾನೇ ಬೆಸುಗೆ ಹಾಕಿ ಜೋಡಿಸಿದ್ದು. 2.4 ಇಂಚಿನ ಪರದೆ. 9 ವೋಲ್ಟ್ ಸಪ್ಲೈ ಕೊಟ್ಟರೆ ನಡೆಯುತ್ತದೆ, ಅದಕ್ಕೆ ಬ್ಯಾಟರಿ ಕಟ್ಟಿಕೊಂಡಿದ್ದೇನೆ. ಕರೆಂಟ್ ಹೋದ ತೋಟದ ಮನೆಯಲ್ಲೂ ಕೆಲಸ ನಿಲ್ಲುವುದಿಲ್ಲ.

ಒಂದು ಸಲ ಹಳ್ಳಿಯಲ್ಲಿ ಯಕ್ಷಗಾನ. ಆಟ ಶುರುವಾಗಲು ಒಂದು ತಾಸು ಇದೆ, ಆಂಪ್ಲಿಫೈಯರ್ ಗುಂಯ್ ಅನ್ನುತ್ತಿದೆ. ವೇಷ ಕಟ್ಟುವ ಚೌಕಿಯ ಪಕ್ಕದಲ್ಲೇ ಮುಚ್ಚಳ ಬಿಚ್ಚಿ ಸ್ಕೋಪಿನ ಪ್ರೋಬ್ ಅನ್ನು, ಅಂದರೆ ಅಳೆಯುವ ಮೊನೆಯನ್ನು, ಡಿಸಿ ಲೈನಿಗೆ ಇಟ್ಟೆ. ಪರದೆಯ ಒಂದು ಚೌಕಕ್ಕೆ 5 ಮಿಲಿಸೆಕೆಂಡ್. ಪರದೆ ಮೇಲೆ ಎರಡು ಚೌಕಕ್ಕೊಂದು ಗುಡ್ಡ ಕಾಣಿಸಿತು. ಅಂದರೆ 10 ಮಿಲಿಸೆಕೆಂಡ್, 100 ಹರ್ಟ್ಸ್. ನಮ್ಮ ಕರೆಂಟು 50 ಹರ್ಟ್ಸ್, ಎಸಿಯನ್ನು ಡಿಸಿ ಮಾಡುವ ಡಯೋಡುಗಳ ಬ್ರಿಡ್ಜ್ ದಾಟಿದ ಮೇಲೆ ಅದು ಇಮ್ಮಡಿಯಾಗುತ್ತದೆ. ಗುಡ್ಡ 20 ಮಿಲಿಸೆಕೆಂಡಿಗೊಂದು ಇದ್ದಿದ್ದರೆ ಬ್ರಿಡ್ಜಿನ ಡಯೋಡ್ ಹೋಗಿದೆಯಾ ಅಂತ ನೋಡಬೇಕಿತ್ತು. 10 ಅಂದಮೇಲೆ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಒಣಗಿದೆ ಅಂತ ಅನುಮಾನ ಗಟ್ಟಿಯಾಯಿತು. ಚೀಲದಲ್ಲಿ 4700 ಮೈಕ್ರೊಫ್ಯಾರಡ್‌ದು ಇತ್ತು, ಹಾಕಿದೆ. ಗುಡ್ಡ ನೆಲಸಮ, ಗುಂಯ್ ಸದ್ದೂ ನಿಂತಿತು. ಭಾಗವತರು ಮೈಕ್ ಮುಂದೆ ಕೂತಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಮಲ್ಟಿಮೀಟರ್ ಒಂದು ನಂಬರ್ ಕೊಡುತ್ತದೆ, ಅದರಿಂದ ಈ ಗುಡ್ಡ ಕಾಣುವುದಿಲ್ಲ ಅಲ್ವಾ?

ಇನ್ನೊಂದು ಕತೆ ಮನೆಯ ಇನ್ವರ್ಟರಿನದು. ಕರೆಂಟನ್ನು ಚಕಚಕನೆ ಆನ್-ಆಫ್ ಮಾಡುವ ಸ್ವಿಚ್‌ಗಳಾದ ಐಆರ್‌ಎಫ್3205 ಮಾಸ್‌ಫೆಟ್‌ಗಳು ಸುಟ್ಟು ಬಂದಿದ್ದವು. ಅವುಗಳಿಗೆ ಆನ್-ಆಫ್ ಸಿಗ್ನಲ್ ಹೋಗುವ ಕಾಲಿಗೆ ಗೇಟ್ ಅನ್ನುತ್ತಾರೆ. ಹಿಂದೆ ರಿಪೇರಿ ಮಾಡಿದ ಯಾರೋ ಗೇಟ್ ರೆಸಿಸ್ಟರ್ ಜಾಗಕ್ಕೆ ತಂತಿ ತುಂಡು ಬೆಸೆದಿದ್ದರು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಆದರೂ ಗೇಟಿಗೆ ಪ್ರೋಬ್ ಇಟ್ಟು ನೋಡಿದರೆ 12 ವೋಲ್ಟಿನ ಚೌಕ ಅಲೆ ನೀಟಾಗಿ ಕಂಡಿತು. ಗೇಟಿಗೆ ಬರುವ ಸಿಗ್ನಲ್ ಸರಿಯಿದೆ ಅಂದುಕೊಂಡು ಹೊಸ ಮಾಸ್‌ಫೆಟ್ ಹಾಕಿ ಕೊಟ್ಟೆ. ನಾಲ್ಕೇ ದಿನಕ್ಕೆ ವಾಪಸ್ ಬಂತು. ಮತ್ತೆ ಹಾಕಿದೆ, ಮತ್ತೆ ಸುಟ್ಟಿತು. ಎರಡು ಸೆಟ್ಟಿನ ಖರ್ಚು ನಾನೇ ಹಾಕಿಕೊಂಡೆ. ಗಿರಾಕಿಯ ತಪ್ಪೇನೂ ಇರಲಿಲ್ಲ.

ಕೊನೆಗೆ ಬೋರ್ಡನ್ನು ಹುಬ್ಬಳ್ಳಿಗೆ ಒಯ್ದೆ. ಅಲ್ಲಿನ ಗೆಳೆಯನ ವರ್ಕ್‌ಶಾಪಿನಲ್ಲಿ 100 ಮೆಗಾಹರ್ಟ್ಸ್ ಸ್ಕೋಪ್ ಇದೆ. ಅದೇ ಗೇಟು, ಅದೇ ಅಲೆ. ಆದರೆ ಪ್ರತಿ ಅಲೆಯ ಏರುವ ತುದಿಯಲ್ಲಿ ಕೂದಲಿನಂಥ ಒಂದು ಮುಳ್ಳು, 23 ವೋಲ್ಟ್ ತನಕ ಜಿಗಿದು ನಾಲ್ಕೈದು ಸಲ ನಡುಗಿ ತಣ್ಣಗಾಗುತ್ತಿತ್ತು. ಆ ಮಾಸ್‌ಫೆಟ್ಟಿನ ಗೇಟ್ ತಡೆಯುವುದು 20 ವೋಲ್ಟ್ ಮಾತ್ರ. ತಂತಿ ಕಿತ್ತು 10 ಓಮ್ ರೆಸಿಸ್ಟರ್ ಹಾಕಿದ ಕೂಡಲೇ ಮುಳ್ಳು ಮುದುಡಿತು. ಆ ಇನ್ವರ್ಟರ್ ಇವತ್ತಿಗೂ ನಡೆಯುತ್ತಿದೆ.

ನನ್ನ ಪುಟ್ಟ ಸ್ಕೋಪ್ ಕೆಟ್ಟಿರಲಿಲ್ಲ. ಅದರ ಬ್ಯಾಂಡ್‌ವಿಡ್ತ್ 200 ಕಿಲೋಹರ್ಟ್ಸ್, ಅದಕ್ಕಿಂತ ಚುರುಕಾದ ಅಲೆಯನ್ನು ಅದು ಸರಿಯಾಗಿ ತೋರಿಸುವುದಿಲ್ಲ. ಸೆಕೆಂಡಿಗೆ 10 ಲಕ್ಷ ಸಲ ಅಳೆಯುತ್ತದೆ, ಅಂದರೆ ಒಂದು ಮೈಕ್ರೊಸೆಕೆಂಡಿಗೆ ಒಂದು ಚುಕ್ಕೆ. ಮುಳ್ಳು ಹುಟ್ಟಿ ಸಾಯುವುದು ಎರಡು ಚುಕ್ಕೆಗಳ ನಡುವೆ. ಅಪ್ಪಿತಪ್ಪಿ ಚುಕ್ಕೆ ಅದರ ಮೇಲೇ ಬಿದ್ದರೂ, ಅಷ್ಟು ಚುರುಕಿನದನ್ನು ಒಳಗಿನ ಸರ್ಕ್ಯೂಟೇ ಸವೆಸಿಬಿಟ್ಟಿರುತ್ತದೆ. ಪರದೆಯನ್ನು ನಂಬಿ ಕಣ್ಣೆದುರಿನ ತಂತಿ ತುಂಡನ್ನು ಬಿಟ್ಟಿದ್ದು ನನ್ನ ತಪ್ಪು. ಆವತ್ತಿನಿಂದ ಸ್ವಿಚಿಂಗ್ ಬೋರ್ಡುಗಳಲ್ಲಿ ಚಿಕ್ಕ ಸ್ಕೋಪಿನಲ್ಲಿ ಅಲೆ ಚೆನ್ನಾಗಿ ಕಂಡರೂ ಗೇಟ್ ರೆಸಿಸ್ಟರ್‌ಗಳನ್ನು ಒಂದೊಂದಾಗಿ ಅಳೆಯುತ್ತೇನೆ.

ಹುಡುಗನಿಗೆ ಬೇಕಿದ್ದುದು ಆರ್ಡುಯಿನೋ ಅನ್ನುವ, ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಬೋರ್ಡ್ ಕಲಿಯಲಿಕ್ಕೆ. ಅದಕ್ಕೆ ಇದು ಧಾರಾಳ ಆಯಿತು. ಸೆಕೆಂಡಿಗೆ 9600 ಬಿಟ್ ಕಳಿಸುವ 9600 ಬಾಡ್ ಸೀರಿಯಲ್‌ನಲ್ಲಿ ಒಂದು ಬಿಟ್ ಅಂದರೆ 104 ಮೈಕ್ರೊಸೆಕೆಂಡ್, ನೂರು ಚುಕ್ಕೆ ಸಿಗುತ್ತವೆ. ಸರ್ವೋ, ಸೆನ್ಸರ್, ಆಡಿಯೋ ಎಲ್ಲ ನೋಡಬಹುದು. ಬೋರ್ಡಿನ 16 ಮೆಗಾಹರ್ಟ್ಸ್ ಕ್ರಿಸ್ಟಲ್ ನೋಡಲು ಹೋಗಬೇಡ, ಅಲ್ಲಿ ಏನಾದರೂ ಅಲೆ ಕಂಡರೂ ಅದು ಸುಳ್ಳು ಅಲೆ ಅಂದೆ.

ಇನ್ನೊಂದು ಮಾತನ್ನು ಮಾತ್ರ ಎರಡೆರಡು ಸಲ ಹೇಳಿದೆ. ಈ ಕಿಟ್ಟಿನ ಇನ್‌ಪುಟ್ ತಡೆಯುವುದು 50 ವೋಲ್ಟ್. ಮನೆಯ 230 ವೋಲ್ಟಿನ ತುದಿ 325ರ ತನಕ ಏರುತ್ತದೆ. ಬ್ಯಾಟರಿಯಲ್ಲಿ ನಡೆಯುತ್ತದೆ, ಅರ್ಥ್ ಇಲ್ಲ, ಏನೂ ಆಗಲ್ಲ ಅಂತ ಕೆಲವರು ಮೇನ್ಸ್ ಬದಿಗೆ ಕ್ಲಿಪ್ ಹಾಕುತ್ತಾರೆ. ಆಗ ಕೈಯಲ್ಲಿ ಹಿಡಿದ ಬೋರ್ಡಿನ ಲೋಹವೆಲ್ಲ ಲೈವ್. ಕಿಟ್ಟಿಗೆ ಕವಚವೂ ಇರುವುದಿಲ್ಲ. ಬೇಲಿ ಮಶೀನಿನ ಔಟ್‌ಪುಟ್ ಅಂತೂ ಸಾವಿರಗಟ್ಟಲೆ ವೋಲ್ಟಿನ ಹೊಡೆತ, ಅದರ ಹತ್ತಿರ ಪ್ರೋಬ್ ಒಯ್ಯುವ ಮಾತೇ ಇಲ್ಲ.

ನಿನ್ನೆ ಅವನು ಕಿಟ್ ತಂದು ನನ್ನ ಟೇಬಲ್ ಮೇಲೇ ಜೋಡಿಸಿದ. ಅದರಲ್ಲೇ ಬರುವ 1 ಕಿಲೋಹರ್ಟ್ಸ್ ಪರೀಕ್ಷೆಯ ಅಲೆಗೆ ಪ್ರೋಬ್ ಸಿಕ್ಕಿಸಿದಾಗ ಚೌಕದ ಮೂಲೆಗಳು ದುಂಡಗೆ ಇದ್ದವು. ತಿರುಗಿಸಿ ಹೊಂದಿಸುವ ಪುಟ್ಟ ಕೆಪಾಸಿಟರ್ ಆದ ಸಿ4 ಟ್ರಿಮ್ಮರ್ ತೋರಿಸಿ ಸಣ್ಣ ಸ್ಕ್ರೂಡ್ರೈವರ್ ಕೊಟ್ಟೆ. ಉಸಿರು ಬಿಗಿಹಿಡಿದು ಕೂದಲೆಳೆಯಷ್ಟು ತಿರುಗಿಸಿದ, ನೋಡಿದ, ಮತ್ತೆ ತಿರುಗಿಸಿದ. ಮೂಲೆ ನೆಟ್ಟಗಾದಾಗ ಹೊರಗೆ ಕತ್ತಲಾಗಿತ್ತು.