ಚಿರತೆಗೂ ಬಿಸಿಲಿಗೂ ನಡುವೆ ನಾರಾಯಣದುರ್ಗ

ಮೈಸೂರಿನಲ್ಲಿ ಬೆಳಗ್ಗೆ ಬೆಟ್ಟ ಹತ್ತೋದು ಅಂದ್ರೆ ಚಾಮುಂಡಿ ಬೆಟ್ಟ. ಸಾವಿರ ಮೆಟ್ಟಿಲು ಹತ್ತಿ, ಇಳಿದು, ಎಳನೀರು ಕುಡಿದು ಒಂಬತ್ತಕ್ಕೆಲ್ಲ ಮನೆ ಸೇರಿಬಿಡಬಹುದು. ಅದೇ ಅಂದಾಜಿನಲ್ಲಿ ಮಂಡ್ಯದ ಕಡೆಯ ದುರ್ಗಗಳಿಗೆ ಹೊರಡುವವರು ಜಾಸ್ತಿ. ಹತ್ತು ಗಂಟೆಗೆ ಬುಡ ಮುಟ್ಟಿ, ಕೈಯಲ್ಲಿ ಒಂದೇ ಬಾಟಲಿ ನೀರು ಹಿಡಿದು, ಮಟಮಟ ಮಧ್ಯಾಹ್ನ ಬಂಡೆ ಮೇಲೆ ಸುಸ್ತಾಗಿ ಕೂತವರನ್ನು ನೋಡಿದ್ದೇನೆ. ಬೆಟ್ಟ ಎತ್ತರ ಇಲ್ಲವಲ್ಲ, ಏನು ಮಹಾ ಅಂತ ಬಂದವರೇ ಅವರೆಲ್ಲ.

ಡಿಸೆಂಬರ್‌ನಲ್ಲಿ ನಾವು ಹೋಗಿದ್ದು ನಾರಾಯಣದುರ್ಗಕ್ಕೆ. ಕೃಷ್ಣರಾಜಪೇಟೆ ತಾಲ್ಲೂಕಿನ ರಾಯಸಮುದ್ರದ ಹತ್ತಿರ ಇದೆ. ಮೇಲುಕೋಟೆಯಿಂದ ಹತ್ತು-ಹನ್ನೆರಡು ಕಿಲೋಮೀಟರ್ ಇರಬಹುದು. ಮೇಲುಕೋಟೆಗೆ ವರ್ಷವಿಡೀ ಜನ ಬರುತ್ತಾರೆ. ಚೆಲುವನಾರಾಯಣಸ್ವಾಮಿ, ಕಲ್ಯಾಣಿ, ಬೆಟ್ಟದ ಮೇಲಿನ ಯೋಗಾನರಸಿಂಹ, ರಾಯಗೋಪುರ ಎಲ್ಲ ಮುಗಿಸಿ, ಪುಳಿಯೋಗರೆ ತಿಂದು ವಾಪಸ್ ಹೊರಡುತ್ತಾರೆ. ಇಷ್ಟು ಹತ್ತಿರ ಒಂದು ಪಾಳುಬಿದ್ದ ಕೋಟೆ ಇದೆ ಅನ್ನೋದು ಅವರಲ್ಲಿ ಮುಕ್ಕಾಲು ಜನಕ್ಕೆ ಗೊತ್ತಿಲ್ಲ. ನಮ್ಮ ಭಾವನಿಗೂ ಗೊತ್ತಿರಲಿಲ್ಲ. ಅವರು ಹುಟ್ಟಿ ಬೆಳೆದಿದ್ದು ಪಾಂಡವಪುರದಲ್ಲಿ!

ಹೊರಟವರು ಭಾವ, ಅಕ್ಕ, ಅವರ ಮಗಳು, ನಾನು. ಹುಡುಗಿ ಆರನೇ ಕ್ಲಾಸು. ಎಷ್ಟು ಗಂಟೆಗೆ ಹೊರಡೋದು ಅನ್ನೋದರ ಮೇಲೆಯೇ ಎರಡು ದಿನ ಚರ್ಚೆ ನಡೆಯಿತು. "ಏಳಕ್ಕೆ ಹೊರಡೋಣ, ತಿಂಡಿ ನಮ್ಮೂರಲ್ಲಿ ತಿಂದ್ರಾಯ್ತು" ಅಂದರು ಭಾವ. ನಾನು ಲೆಕ್ಕವನ್ನು ಹಿಂದಿನಿಂದ ಹಾಕಿದೆ. ಹನ್ನೊಂದು ಗಂಟೆಗೆ ನಾವು ಬಂಡೆ ಬಿಟ್ಟು ಕೆಳಗೆ ಮರದ ನೆರಳಲ್ಲಿ ಇರಬೇಕು. ಹಾಗಾದರೆ ಒಂಬತ್ತೂವರೆಗೆ ಇಳಿಯೋಕೆ ಶುರು ಮಾಡಬೇಕು. ಮೇಲೆ ಮುಕ್ಕಾಲು ಗಂಟೆ ತಿರುಗಾಡಬೇಕು. ಮಗು ಜೊತೆಗಿದ್ದರೆ ಹತ್ತೋಕೆ ಒಂದೂಕಾಲು ಗಂಟೆ. ಅಲ್ಲಿಗೆ ಏಳೂವರೆಗೆ ಬುಡದಲ್ಲಿ ಇರಬೇಕು. ಮೈಸೂರಿನಿಂದ ಮೇಲುಕೋಟೆಗೆ ಹತ್ತಿರ ಹತ್ತಿರ ಐವತ್ತು ಕಿಲೋಮೀಟರ್. ಐದೂಕಾಲಿಗೆ ಮನೆ ಬಿಡಬೇಕು ಅಂತಾಯಿತು.

"ಹಾಗಿದ್ರೆ ನಾಲ್ಕಕ್ಕೇ ಹೊರಟು ಕತ್ತಲಲ್ಲೇ ಹತ್ತಿ ಸೂರ್ಯೋದಯ ನೋಡೋಣ ಬಿಡು" ಅಂತ ಅಕ್ಕ ಇನ್ನೊಂದು ತುದಿಗೆ ಹೋದಳು. ಅದು ಆಗೋ ಮಾತಲ್ಲ. ಈ ಬೆಟ್ಟಗಳ ಕಾಡೆಲ್ಲ ಮೇಲುಕೋಟೆ ವನ್ಯಜೀವಿ ಧಾಮಕ್ಕೆ ಸೇರಿದ್ದು. 1974ರಲ್ಲಿ ತೋಳಗಳನ್ನು ಉಳಿಸೋಕೆ ಅಂತ ಮಾಡಿದ್ದು, ಸುಮಾರು 50 ಚದರ ಕಿಲೋಮೀಟರ್. ತೋಳ ನಮ್ಮ ಕಣ್ಣಿಗೆ ಬೀಳೋದು ಕಷ್ಟ. ಚಿರತೆ ಮಾತ್ರ ಈ ಭಾಗದಲ್ಲಿ ಧಾರಾಳವಾಗಿದೆ. ಬಂಡೆ, ಗುಹೆ, ಪೊದೆ, ಸುತ್ತ ಕಬ್ಬಿನ ಗದ್ದೆ, ಊರಲ್ಲಿ ಮೇಕೆ, ನಾಯಿ. ಅದಕ್ಕೆ ಇನ್ನೇನು ಬೇಕು? ಅದು ಓಡಾಡೋದು ಸಂಜೆ ಕತ್ತಲಾದ ಮೇಲೆ, ಬೆಳಗಿನ ಜಾವ. ಹಾಗಾಗಿ ಪೂರ್ತಿ ಬೆಳಕಾಗುವ ಮುಂಚೆ ಬೆಟ್ಟ ಹತ್ತುವಂತಿಲ್ಲ, ಹನ್ನೊಂದಾದ ಮೇಲೆ ಬಂಡೆ ಮೇಲೆ ಇರುವಂತಿಲ್ಲ. ನಡುವೆ ನಾಲ್ಕು ಗಂಟೆ ಸಿಗುತ್ತೆ. ಯಾವಾಗ ಏಳಬೇಕು, ಏನು ತಿನ್ನಬೇಕು, ಎಷ್ಟು ನೀರು ಹೊರಬೇಕು, ಯಾರನ್ನು ಕರೆದುಕೊಂಡು ಹೋಗಬೇಕು, ಎಲ್ಲವನ್ನೂ ತೀರ್ಮಾನಿಸೋದು ಆ ನಾಲ್ಕು ಗಂಟೆಯೇ.

ವನ್ಯಜೀವಿ ಧಾಮ ಅಂದ ಮೇಲೆ ಅರಣ್ಯ ಇಲಾಖೆಯವರನ್ನು ಮುಂಚೆಯೇ ಕೇಳಿಕೊಳ್ಳಿ. ಸುಮ್ನೆ ನುಗ್ಗಬೇಡಿ. ನಾವು ಹಿಂದಿನ ವಾರವೇ ವಿಚಾರಿಸಿದ್ದೆವು. ಹಾಗೇ ಊರಿನ ಒಬ್ಬರನ್ನು ದಾರಿ ತೋರಿಸೋಕೆ ಬರ್ತೀರಾ ಅಂತ ಕೇಳಿ ಒಪ್ಪಿಸಿದ್ದೆವು. ಇದಕ್ಕೆ ಕೊಡುವ ದುಡ್ಡಿನಲ್ಲಿ ಚೌಕಾಸಿ ಮಾಡೋರನ್ನು ಕಂಡರೆ ನನಗಾಗಲ್ಲ.

ನೀರು ತಲೆಗೆ ಮೂರು ಲೀಟರ್. ಜಾಸ್ತಿ ಆಯ್ತು ಅಂತ ಅಕ್ಕ ಗೊಣಗಿದಳು. ವಾಪಸ್ ಬರುವಾಗ ಕಾರಿನ ಹತ್ತಿರ ಅರ್ಧ ಲೀಟರ್ ಮಿಕ್ಕಿತ್ತು, ಅಷ್ಟೇ. ತಿನ್ನೋಕೆ ಚಿತ್ರಾನ್ನ, ಸೌತೆಕಾಯಿ, ಕಿತ್ತಳೆ, ಕಡ್ಲೆಮಿಠಾಯಿ. ಮೊಸರನ್ನ ಬೇಡ ಅಂದೆ, ಚೀಲದಲ್ಲಿ ಕಾದು ಹುಳಿಯಾಗುತ್ತೆ. ಎಲ್ಲ ಬೆನ್ನಿಗೆ ಹಾಕುವ ಬ್ಯಾಗಿನೊಳಗೇ ಹೋಗಬೇಕು. ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿದರೆ ಅದು ಕೋತಿಯ ಪಾಲು. ಸೆಂಟು ಹಾಕಿಕೊಳ್ಳಬೇಡಿ ಅಂತ ಎಲ್ಲರಿಗೂ ಹೇಳಿದ್ದೆ. ಕಡಿದಾದ ಬಂಡೆಗಳ ಕೆಳಗೆ ಹೆಜ್ಜೇನು ಕಟ್ಟುತ್ತೆ. ಘಾಟು ವಾಸನೆ, ಹೊಗೆ, ಕಿರುಚಾಟ ಯಾವುದಾದರೂ ಸಾಕು ಅದು ಏಳೋಕೆ. ಎದ್ದರೆ ಓಡೋಕೆ ಬಂಡೆ ಮೇಲೆ ಜಾಗ ಎಲ್ಲಿದೆ?

ಹೇಳಿದ ಹೊತ್ತಿಗೇ ಹೊರಟೆವು. ಶ್ರೀರಂಗಪಟ್ಟಣದವರೆಗೆ ಏನೂ ಹೇಳೋ ಹಾಗಿಲ್ಲ. ಅಲ್ಲಿಂದ ಪಾಂಡವಪುರದ ಕಡೆ ತಿರುಗಿದ ಮೇಲೆ ನಾಲೆಯ ಮಗ್ಗುಲಲ್ಲಿ ಮಂಜು. ಕಬ್ಬು ಕಡಿಯುವ ಕಾಲ ಬೇರೆ. ಎರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರ್, ಹಿಂದೆ ಒಂದು ಕೆಂಪು ದೀಪವೂ ಇಲ್ಲ. ಕಬ್ಬಿನ ತುದಿಗಳು ರಸ್ತೆ ತನಕ ಚಾಚಿಕೊಂಡಿರುತ್ತವೆ. ಈ ದಾರಿಯಲ್ಲಿ ಬೆಳಗಿನ ಜಾವ ಹೋಗುವವರು ಬೆಟ್ಟಕ್ಕಿಂತ ಇದಕ್ಕೆ ಹೆದರಬೇಕು. ನಿಧಾನವಾಗಿ ಹೋಗಿ ಜಕ್ಕನಹಳ್ಳಿಯಲ್ಲಿ ತಿರುಗಿ ಮೇಲುಕೋಟೆ ಸೇರುವಷ್ಟರಲ್ಲಿ ಬೆಳಕು ಹರಿದಿತ್ತು. ಒಂದೊಂದು ಟೀ ಕುಡಿದು ರಾಯಸಮುದ್ರದ ಕಡೆ ಹೊರಟೆವು.

ದಾರಿ ತೋರಿಸೋಕೆ ಒಪ್ಪಿದ್ದ ಗೌಡರು ಹೆಗಲ ಮೇಲೆ ಟವಲ್ ಹಾಕಿ ಕಾಯುತ್ತಾ ಕೂತಿದ್ದರು. ನಮ್ಮ ಹುಡುಗಿ ಮೊದಲು ಕೇಳಿದ್ದೇ ಚಿರತೆ ಬಗ್ಗೆ. "ಅದು ಹಗಲೊತ್ತು ಏನೂ ಮಾಡಾಕಿಲ್ಲ ಕನವ್ವ, ಎಲ್ಲಾರ ಮಲ್ಗಿರ್ತದೆ. ನೀನು ಮಾತಾಡ್ತಾ ಬಾ, ಅದೇ ಅತ್ತಗೆ ಹೋಯ್ತದೆ" ಅಂದರು. ಮಾತಾಡು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಭಾವ ನಕ್ಕರು.

ಮೊದಲ ಅರ್ಧ ಗಂಟೆ ಪೊದೆಗಳ ನಡುವೆ. ಲಂಟಾನ, ಜಾಲಿ, ಸೊಂಟದೆತ್ತರದ ಒಣ ಹುಲ್ಲು. ಹುಲ್ಲಿನ ಬೀಜಕ್ಕೆ ಮುಳ್ಳಿನಂಥ ಮೊನೆ, ಸಾಕ್ಸ್ ಒಳಗೆ ಇಳಿದು ಚುಚ್ಚುತ್ತೆ. ಉದ್ದ ಪ್ಯಾಂಟು ಹಾಕಿಕೊಂಡು ಬನ್ನಿ. ಆಮೇಲೆ ಬಂಡೆ. ಇಲ್ಲಿ ಶೂ ಯಾವುದು ಅನ್ನೋದು ಮುಖ್ಯ. ಸೋಲ್ ಸವೆದ ಹಳೇ ಶೂ, ಬೆಟ್ಟಕ್ಕೆ ಇದು ಸಾಕು ಅಂತ ಹಾಕಿಕೊಂಡು ಬರ್ತಾರಲ್ಲ, ಅದೇ ಜಾರೋದು. ಒಣಗಿದ ಬಂಡೆ ಕಾಲನ್ನು ಚೆನ್ನಾಗಿ ಹಿಡಿಯುತ್ತೆ. ಆದರೆ ಮಳೆ ನೀರು ಹರಿದ ಜಾಗದಲ್ಲಿ ಮೇಲಿಂದ ಕೆಳಗೆ ಕಪ್ಪು ಪಟ್ಟೆಗಳಿರುತ್ತವೆ. ಒಣಗಿದ ಪಾಚಿ ಅದು. ಇಬ್ಬನಿ ಬಿದ್ದರೆ ಸಾಕು, ಸೋಪು ಹಚ್ಚಿದ ಹಾಗೆ. ಗೌಡರು ಆ ಪಟ್ಟೆಗಳನ್ನು ಒಂದು ಸಲವೂ ತುಳಿಯಲಿಲ್ಲ. ಅವರ ಕಾಲಲ್ಲಿ ಬರೀ ಹವಾಯಿ ಚಪ್ಪಲಿ, ಕಡಿದಾದ ಕಡೆ ಅದನ್ನೂ ಕೈಗೆ ತಗೊಂಡರು.

ಕೋಟೆ ಗೋಡೆ ಕಂಡಾಗ ಹುಡುಗಿಗೆ ಸ್ವಲ್ಪ ನಿರಾಸೆ. "ಇಷ್ಟೇನಾ ಮಾಮ? ಸುತ್ತ ಇಲ್ವಲ್ಲ" ಅಂದಳು. ಗಿರಿದುರ್ಗದ ಜಾಣತನವೇ ಅದು. ಮನುಷ್ಯ ಹತ್ತೋಕೆ ಆಗುವ ಕಡೆ ಮಾತ್ರ ಗೋಡೆ ಕಟ್ಟುತ್ತಾರೆ. ಮಿಕ್ಕ ಕಡೆ ಬಂಡೆಯ ಇಳಿಜಾರೇ ಗೋಡೆ. ಎರಡು ಬಂಡೆಗಳ ನಡುವೆ ಸಂದಿ ಇದ್ದರೆ ಅದನ್ನು ಕಲ್ಲಿಟ್ಟು ಮುಚ್ಚಿಬಿಟ್ಟರೆ ಕೆಲಸ ಮುಗಿಯಿತು. ಕೆಳಗಿನಿಂದ ಇಷ್ಟು ಕಲ್ಲು ಹೇಗೆ ಹೊತ್ತರು ಅಂತ ಭಾವ ಕೇಳಿದರು. ಉತ್ತರ ಅಲ್ಲೇ ಕಾಲ ಕೆಳಗೆ ಇತ್ತು. ಬಂಡೆ ಮೇಲೆ ಒಂದು ನೇರ ಗೆರೆಯಲ್ಲಿ ಚೌಕಾಕಾರದ ಗುಳಿಗಳು, ಒಂದೊಂದೂ ಎರಡು ಬೆರಳು ತೂರುವಷ್ಟು ಅಗಲ. ನಡುನಡುವೆ ಗೇಣಿಗಿಂತ ಕಮ್ಮಿ ಅಂತರ. ಇಂಥ ಗುಳಿಗೆ ಬೆಣೆ ಇಟ್ಟು ಬಡಿಯುತ್ತಾ ಹೋದರೆ ಗೆರೆಯ ಉದ್ದಕ್ಕೂ ಕಲ್ಲು ಸೀಳುತ್ತೆ. ಈ ಸಾಲಿನಲ್ಲಿ ಮಾತ್ರ ಕಲ್ಲು ಸೀಳಿರಲಿಲ್ಲ. ಗುಳಿ ಕೊರೆದು, ಯಾಕೋ ಹಾಗೇ ಬಿಟ್ಟು ಹೋಗಿದ್ದರು. ಕೊನೆಯ ಎರಡು ಗುಳಿ ಇನ್ನೂ ಆಳವೇ ಆಗಿರಲಿಲ್ಲ. ಹುಡುಗಿ ಬೆರಳಿಟ್ಟು ಅಳೆದಳು. ಅವಳಿಗೆ ಗೋಡೆಗಿಂತ ಇದು ಹಿಡಿಸಿತು.

ಎಂಟೂಮುಕ್ಕಾಲಿಗೆ ಮೇಲಿದ್ದೆವು. ನೆತ್ತಿ ಮೇಲೆ ಗಾಳಿ ಜೋರು, ಆದ್ದರಿಂದ ಬಿಸಿಲು ಗೊತ್ತಾಗೋದಿಲ್ಲ. ಮೋಸ ಆಗೋದೇ ಅಲ್ಲಿ. ಬಾಯಾರಿಕೆ ಆಗದಿದ್ದರೂ ನೀರು ಕುಡಿಯಬೇಕು. ಒಂದು ದೊಣೆಯಲ್ಲಿ ಮಳೆಗಾಲದ ನೀರು ಇನ್ನೂ ನಿಂತಿತ್ತು, ಮೇಲೆಲ್ಲ ಹಸಿರು ಪಾಚಿ. ಇಂಥ ದೊಣೆ, ಕೊಳ ಇಲ್ಲದೇ ಇದ್ದಿದ್ದರೆ ಬೆಟ್ಟದ ಮೇಲೆ ಕೋಟೆ ಕಟ್ಟಿ ಏನು ಪ್ರಯೋಜನ? ಕೆಳಗೆ ಸುತ್ತುವರಿದು ಕೂತವನು ಕತ್ತಿಯನ್ನೇ ಎತ್ತಬೇಕಾಗಿಲ್ಲ, ಒಳಗಿನವರ ನೀರು ಮುಗಿಯುವ ತನಕ ಕಾದರೆ ಸಾಕು. ನಾವಂತೂ ಆ ನೀರು ಕುಡಿಯುವ ಹಾಗಿಲ್ಲ. ಬೆನ್ನ ಮೇಲಿನ ಮೂರು ಲೀಟರೇ ಗತಿ.

ದೂರದಲ್ಲಿ ಮೇಲುಕೋಟೆ ಬೆಟ್ಟ, ಅದರಾಚೆಗೆ ಬಯಲು. 1771ರಲ್ಲಿ ಹೈದರಾಲಿ ತನ್ನ ಸೈನ್ಯದ ಜೊತೆ ಈ ಮೇಲುಕೋಟೆ ಬೆಟ್ಟಗಳಲ್ಲೇ ಸಿಕ್ಕಿಹಾಕಿಕೊಂಡಿದ್ದ. ಸುತ್ತ ತ್ರ್ಯಂಬಕರಾವ್‌ನ ಮರಾಠಾ ಸೇನೆ. ಮಾರ್ಚ್ ತಿಂಗಳು, ಬಿರುಬೇಸಿಗೆ. ರಾತ್ರಿ ಕತ್ತಲಲ್ಲಿ ಸದ್ದಿಲ್ಲದೆ ಶ್ರೀರಂಗಪಟ್ಟಣಕ್ಕೆ ಜಾರಿಕೊಳ್ಳೋದು ಅವನ ಲೆಕ್ಕ. ಕೋಟೆ ಸೇರುವ ಮುಂಚೆಯೇ ಮರಾಠರಿಗೆ ಸುಳಿವು ಸಿಕ್ಕಿತು, ಚಿನಕುರಳಿ ಹತ್ತಿರ ಸೈನ್ಯ ಚೆಲ್ಲಾಪಿಲ್ಲಿಯಾಯಿತು. ಹೈದರಾಲಿ ಹೇಗೋ ಶ್ರೀರಂಗಪಟ್ಟಣ ಸೇರಿಕೊಂಡ. ಗೆದ್ದ ಮರಾಠರು ತಕ್ಷಣ ಬೆನ್ನು ಹತ್ತದೆ ತಡ ಮಾಡಿದ್ದು ಅವನಿಗೆ ವರವಾಯಿತು. ಅಷ್ಟರಲ್ಲಿ ಚದುರಿದವರನ್ನು ಮತ್ತೆ ಕೂಡಿಸಿಕೊಂಡ. ಭಾವನಿಗೆ ಚಿನಕುರಳಿ ಅಂದರೆ ದಿನಾ ಬಸ್ಸಿನ ಬೋರ್ಡಿನಲ್ಲಿ ಕಂಡ ಹೆಸರು. "ಅಲ್ಲೇನಾ ಇಷ್ಟೆಲ್ಲ ಆಗಿದ್ದು!" ಅಂತ ಆ ಕಡೆಗೇ ನೋಡುತ್ತಾ ನಿಂತರು. ಚಿತ್ರಾನ್ನ ತಿನ್ನೋದನ್ನೂ ಮರೆತರು.

ಇಳಿಯೋಕೆ ಹತ್ತಿದ್ದಕ್ಕಿಂತ ಜಾಸ್ತಿ ಹೊತ್ತು ಬೇಕು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇನ್ನೂ ಜಾಸ್ತಿ. ಕಾಲು ನಡುಗುತ್ತೆ, ಕಣ್ಣು ಆಳ ನೋಡುತ್ತೆ. ಅಕ್ಕ ಒಂದೆರಡು ಕಡೆ ಕೂತುಕೊಂಡೇ ಜಾರಿ ಇಳಿದಳು, ಅದರಲ್ಲಿ ನಾಚಿಕೆ ಪಡೋದೇನಿಲ್ಲ. ಹತ್ತೂಮುಕ್ಕಾಲಿಗೆ ಬಂಡೆಗೆ ಅಂಗೈ ಇಟ್ಟರೆ ಚುರ್ ಅನ್ನುತ್ತಿತ್ತು. ಡಿಸೆಂಬರ್‌ನಲ್ಲೇ ಹೀಗೆ. ಏಪ್ರಿಲ್‌ನಲ್ಲಿ ಹೋಗ್ತೀನಿ ಅನ್ನೋರಿಗೆ ಏನು ಹೇಳೋದು? ಫೆಬ್ರವರಿ ದಾಟಿದರೆ ಹುಲ್ಲು ಒಣಗಿ ಬೆಂಕಿಯ ಭಯವೂ ಇರುತ್ತೆ. ಜೋರು ಮಳೆಯಲ್ಲಿ ಬಂಡೆ ಪೂರ್ತಿ ಜಾರುತ್ತೆ. ನನ್ನನ್ನು ಕೇಳಿದರೆ ನವೆಂಬರ್ ಮಧ್ಯದಿಂದ ಜನವರಿ ಕೊನೆ ತನಕ, ಅಷ್ಟೇ.

ಕೆಳಗೆ ಬಂದಾಗ ಹನ್ನೊಂದು ಹತ್ತು. ಗೌಡರಿಗೆ ಕಿತ್ತಳೆ ಕೊಟ್ಟರೆ ಬೇಡ ಅಂದು ಕಡ್ಲೆಮಿಠಾಯಿ ಇಸ್ಕೊಂಡರು. ಮೇಲುಕೋಟೆಗೆ ವಾಪಸ್ ಬಂದು ಪುಳಿಯೋಗರೆ, ಸಕ್ಕರೆ ಪೊಂಗಲ್ ಹೊಡೆದೆವು. ಬಿಸಿಯಾಗಿದ್ದಾಗ ತಿನ್ನೋದಕ್ಕಿಂತ ಸ್ವಲ್ಪ ಆರಿದ ಪುಳಿಯೋಗರೆಯೇ ರುಚಿ ಅಂತ ನನ್ನ ವಾದ. ಅಕ್ಕ ಒಪ್ಪಲ್ಲ. ಯೋಗಾನರಸಿಂಹನ ಬೆಟ್ಟವನ್ನೂ ಇವತ್ತೇ ಹತ್ತಿಬಿಡೋಣ ಅಂತ ಹುಡುಗಿ ಹಟ ಹಿಡಿದಳು. ದೊಡ್ಡವರು ಯಾರೂ ಎದ್ದೇಳಲಿಲ್ಲ.

ಸ್ವಂತ ಗಾಡಿ ಇಲ್ಲದವರಿಗೆ ಒಂದು ಮಾತು. ಮೈಸೂರಿನಿಂದ ಮೇಲುಕೋಟೆಗೆ ಬಸ್ಸುಗಳಿವೆ. ಆದರೆ ಬೆಳಗ್ಗೆ ಬಸ್ಸು ಹತ್ತಿ ಹೊರಟರೆ ಆ ನಾಲ್ಕು ಗಂಟೆ ದಾರಿಯಲ್ಲೇ ಕಳೆಯುತ್ತೆ. ಹಿಂದಿನ ಸಂಜೆಯೇ ಬಂದು ಮೇಲುಕೋಟೆಯಲ್ಲಿ ಉಳಿದುಕೊಳ್ಳಿ, ರಾತ್ರಿಯೇ ಒಂದು ಆಟೋ ಮಾತಾಡಿಟ್ಟುಕೊಳ್ಳಿ. ಅದೇ ಆಟೋದವರಿಗೆ ಹನ್ನೊಂದಕ್ಕೆ ವಾಪಸ್ ಬರೋಕೂ ಹೇಳಿಬಿಡಿ, ಆ ಹೊತ್ತಲ್ಲಿ ರಸ್ತೆಗೆ ಬಂದು ಬಸ್ಸು ಕಾಯೋದು ಬೆಟ್ಟ ಹತ್ತಿದ್ದಕ್ಕಿಂತ ಸುಸ್ತು.